ಕಾಲಿನಿಂದ ಬಾರದ ವರ್ತಮಾನ

ಈ ಸಂಚಿಕೆಗಾಗಿ ಗೃಹಾರೋಗ್ಯದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ನಮ್ಮನ್ನು ಕೇಳಿದಾಗ ನಮಗೆ ಮೊದಲು ಜ್ಞಾಪಕಕ್ಕೆ ಬಂದುದು ಒಂದು ಚಪ್ಪಲಿ.

ನಮ್ಮ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳ ತಾಯಿಯವರು ತುರುವೇಕೆರೆಯ ಕಡೆಯ ತೋಟದವರು. ಸ್ತನದ ಅರ್ಬುದರೋಗಕ್ಕೆ, ಅಂದರೆ ಕ್ಯಾನ್ಸರಿಗೆ, ಬೆಂಗಳೂರಿನಲ್ಲಿ ಕೀಮೋಥೆರಪಿ ಮುಗಿಸಿಕೊಂಡು ಬಂದಿದ್ದರು. ರೋಗವು ದೇವರ ಕೃಪೆಯಿಂದ ಇಳಿಮುಖವಾಗಿತ್ತು. ಪೋಷಕರ ಸಭೆಯ ದಿನ ಅವರು ನಮ್ಮ ಕೊಠಡಿಗೆ ಬಂದಾಗ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅದು ಮೆಟ್ಟಿಲ ಬಳಿಯೇ ಕಳಚಿಕೊಂಡಿತ್ತು. ಅವರಿಗೆ ತಿಳಿದೇ ಇರಲಿಲ್ಲ. ಮಗಳು ಅದನ್ನು ಎತ್ತಿಕೊಂಡು ಬಂದಾಗ ಅವರು ನಕ್ಕರು, ನಾವೂ ನಕ್ಕೆವು. ಮೂರು ವಾರಗಳ ತರುವಾಯ ಅವರು ಕೊಬ್ಬರಿ ಅಟ್ಟದ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡರೆಂಬ ವರ್ತಮಾನ ಬಂದಿತು. ನಾವು ನಕ್ಕುದು ಅಜ್ಞಾನದಿಂದ ಎಂಬುದು ಆಗ ನಮಗೆ ಅರಿವಾಯಿತು.

ಅರ್ಬುದವನ್ನು ನಾಶಪಡಿಸುವ ಔಷಧಗಳಲ್ಲಿ ಕೆಲವು ನರಗಳನ್ನೂ ನೋಯಿಸುವುವು. ಸ್ತನದ ಮತ್ತು ಅಂಡಾಶಯದ ಅರ್ಬುದಕ್ಕೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬುದು ಮೊದಲಿಗೆ ಅಮೆರಿಕದ ಯೂ ಎಂಬ ಮರದ ತೊಗಟೆಯಿಂದ ದೊರೆತುದು. ರಕ್ತದ ಅರ್ಬುದಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ನಮ್ಮ ಅಂಗಳಗಳಲ್ಲಿ ತಾನಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬಂದುದು. (ಇದನ್ನು ಓದಿ ಯಾರೂ ಆ ಎಲೆಯ ಕಷಾಯ ಮಾಡಿ ಕುಡಿಯಕೂಡದು, ಅದು ವಿಷ.) ಇವಲ್ಲದೆ ಪ್ಲಾಟಿನಂ ಲೋಹದಿಂದಾದ ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಮೊದಲಾದುವು ಇರುವುವು.

ಇವು ಪಾದವನ್ನೇ ಮೊದಲು ಏಕೆ ಹಿಡಿಯಬೇಕು? ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಪಾದದ ಸ್ಪರ್ಶವನ್ನು ತಿಳಿಸುವ ನರದ ಜೀವಕೋಶವು ಬೆನ್ನೆಲುಬಿನ ಪಕ್ಕದಲ್ಲಿರುವುದು; ಅದರ ತಂತುವು ಅಲ್ಲಿಂದ ಕಾಲ್ಬೆರಳಿನವರೆಗೆ, ಹೆಚ್ಚು ಕಡಿಮೆ ಒಂದು ಮೀಟರು, ಚಾಚಿರುವುದು. ತಂತುವಿಗೆ ಬೇಕಾದ ಪೋಷಣೆಯೆಲ್ಲ ಕೋಶದಿಂದಲೇ ಅತಿ ಸೂಕ್ಷ್ಮವಾದ ನಾಳಗಳ ಮೂಲಕ ಸಾಗಿ ಹೋಗಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ವಿನ್‌ಕ್ರಿಸ್ಟಿನ್ ಈ ನಾಳಗಳನ್ನೇ ಕೆಡಿಸುವುವು. ಹೇಮಾವತಿಯ ನಾಲೆ ಎಲ್ಲಿಯಾದರೂ ಒಡೆದರೆ ಮೊದಲು ಬಾಡುವ ತೆಂಗು ಯಾವುದೆಂದು ಕೊನೆಯಂಚಿನ ತೋಟದವರು ಬಲ್ಲರು. ಅದರಂತೆಯೇ ಜೋಮು ಕಾಲ್ಬೆರಳುಗಳಲ್ಲಿ ಆರಂಭವಾಗಿ, ಕಾಲುಚೀಲ ತೊಟ್ಟಂತೆ ಮೇಲಕ್ಕೇರಿ, ಆಮೇಲೆ ಕೈಬೆರಳುಗಳಿಗೂ ಬರುವುದು. ಪ್ಲಾಟಿನಂ ಔಷಧಗಳಾದರೋ ಬೆನ್ನೆಲುಬಿನ ಪಕ್ಕದ ಕೋಶವನ್ನೇ ಹೊಡೆಯುವುವು. ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ತೊಂದರೆ ಹೆಚ್ಚುತ್ತಲೇ ಹೋಗಬಹುದು.

ಇದು ಅಪರೂಪವಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಇಂತಹ ಚಿಕಿತ್ಸೆ ಮುಗಿದ ಮೊದಲ ತಿಂಗಳಲ್ಲಿ ನೂರರಲ್ಲಿ 68 ಮಂದಿಗೂ, ಆರು ತಿಂಗಳು ಕಳೆದ ಮೇಲೆ 30 ಮಂದಿಗೂ ನರದ ತೊಂದರೆ ಇತ್ತು. ಅರ್ಬುದದಿಂದ ಪಾರಾದ 512 ಮಂದಿ ಅಮೆರಿಕದ ಸ್ತ್ರೀಯರನ್ನು ಕುರಿತು 2017ರಲ್ಲಿ ಬಂದ ವರದಿಯಲ್ಲಿ, ಚಿಕಿತ್ಸೆಯಾಗಿ ಸರಾಸರಿ ಆರು ವರ್ಷಗಳಾಗಿದ್ದರೂ ನೂರಕ್ಕೆ 47 ಮಂದಿಗೆ ಲಕ್ಷಣಗಳು ಉಳಿದಿದ್ದುವು. ಅಂತಹವರು ಬೀಳುವ ಸಂಭವವು ಉಳಿದವರಿಗಿಂತ ಸುಮಾರು ಇಮ್ಮಡಿಯಾಗಿತ್ತು.

ನಾವು ನೆಟ್ಟಗೆ ನಿಲ್ಲುವುದಕ್ಕೆ ಕಣ್ಣು, ಒಳಕಿವಿ, ಪಾದ ಎಂಬ ಮೂವರು ದೂತರು ಮಿದುಳಿಗೆ ಸುದ್ದಿ ತರುತ್ತಿರಬೇಕು. ಪಾದದ ಸುದ್ದಿ ನಿಂತುಹೋದರೂ ಹಗಲಿನಲ್ಲಿ ಕಣ್ಣು ಅದರ ಕೆಲಸವನ್ನು ಮಾಡಿಬಿಡುವುದು. ಆದಕಾರಣ ಯಾರಿಗೂ ತಿಳಿಯದು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ, ಬೆಳಕಿಲ್ಲದ ಅಟ್ಟ ಹತ್ತುವಾಗ, ಗುಟ್ಟು ಹೊರಬೀಳುವುದು. 19ನೆಯ ಶತಮಾನದಲ್ಲಿ ಬರ್ಲಿನ್ನಿನ ವೈದ್ಯನಾದ ರಾಂಬರ್ಗನು ಇದನ್ನೇ ಪರೀಕ್ಷೆಯನ್ನಾಗಿ ಬರೆದಿಟ್ಟನು. ಪಾದಗಳನ್ನು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರೆ ರೋಗಿಯು ತೂಗಾಡುವನು. ಇಂದಿಗೂ ವೈದ್ಯರು ಇದನ್ನು ಮಾಡುವರು.

ಈಗಿನ ಸಂಶೋಧಕರು ಈ ತೂಗಾಟವನ್ನು ಅಂಕೆಗೆ ತಂದಿರುವರು. ಬೆಂಕಿಪೆಟ್ಟಿಗೆಯಷ್ಟೋ ಅದಕ್ಕಿಂತ ಚಿಕ್ಕದೋ ಆದ ಸಂವೇದಕವನ್ನು, ಅಂದರೆ ಸೆನ್ಸರನ್ನು, ಕಣಕಾಲಿಗೂ ಸೊಂಟಕ್ಕೂ ಪಟ್ಟಿಯಿಂದ ಕಟ್ಟುವರು. ಅದರೊಳಗೆ ಸಿಲಿಕಾನಿನ ಅತಿ ಸಣ್ಣ ತುಂಡೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗಿಕೊಂಡಿರುವುದು. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವರಷ್ಟೆ? ಹಾಗೆಯೇ ಕಾಲು ಮುಂದಕ್ಕೆ ಹೋದಾಗ ಆ ತುಂಡು ಹಿಂದುಳಿಯುವುದು. ಆಗ ಉಂಟಾಗುವ ವಿದ್ಯುತ್ತಿನ ವ್ಯತ್ಯಾಸವನ್ನು ಯಂತ್ರವು ಸೆಕೆಂಡಿಗೆ ನೂರು ಸಲದಂತೆ ಬರೆದಿಡುವುದು. ನಿಮ್ಮ ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದು ಇದೇ ವಿದ್ಯೆಯಿಂದ. ಹೆಜ್ಜೆ ಎಷ್ಟು ಉದ್ದ, ಒಂದು ಹೆಜ್ಜೆಗೂ ಮತ್ತೊಂದಕ್ಕೂ ಕಾಲದಲ್ಲಿ ಎಷ್ಟು ಹೆಚ್ಚುಕಡಿಮೆ, ಎರಡು ಪಾದಗಳೂ ನೆಲದಲ್ಲಿ ಎಷ್ಟು ಹೊತ್ತು, ಕಣ್ಣು ಮುಚ್ಚಿದಾಗ ಕಣಕಾಲು ಎಷ್ಟು ಅಲುಗಿತು ಎಂಬುದೆಲ್ಲ ಅದರಿಂದ ಲೆಕ್ಕ ಸಿಕ್ಕುವುದು. ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನವರು ಅರ್ಬುದರೋಗಿಗಳಿಗೆ ಹೀಗೆ ಕಟ್ಟಿ ನೋಡಿ, ನರಹಾನಿಯುಳ್ಳವರ ನಡಿಗೆಯಲ್ಲಿಯೂ ನಿಲುವಿನಲ್ಲಿಯೂ ವ್ಯತ್ಯಾಸವು ಕಾಣುವುದೆಂದು 2019ರಲ್ಲಿ ಪ್ರಕಟಿಸಿದರು.

ಇದೆಲ್ಲ ಏತಕ್ಕೆ, ರೋಗಿಯನ್ನು ಕೇಳಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಆ ತಾಯಿಯವರು ಕೈಗೆ ಕಟ್ಟು ಹಾಕಿಸಿಕೊಂಡು ಬಂದಾಗ ನಮ್ಮೊಡನೆ ನುಡಿದುದು ಇಷ್ಟು: ಮೂರನೆಯ ಸಲದ ಔಷಧದಿಂದಲೇ ಪಾದದಲ್ಲಿ ಜೋಮು ಇತ್ತು; ಹೇಳಿದರೆ ಔಷಧವನ್ನು ಕಡಿಮೆ ಮಾಡಿಯಾರು, ರೋಗ ಮರಳೀತು ಎಂಬ ಭಯದಿಂದ ಹೇಳಲಿಲ್ಲ. ಇಂತಹ ಭಯವನ್ನು ನಾವು ಮೂರ್ಖತನವೆನ್ನಲಾರೆವು. ಔಷಧವನ್ನು ಕಡಿಮೆ ಮಾಡುವುದೂ ನಿಲ್ಲಿಸುವುದೂ ನಿಜವಾಗಿಯೂ ವೈದ್ಯರು ತೂಗಿ ನೋಡಬೇಕಾದ ವಿಚಾರ. ಆದರೆ ತೂಗುವುದಕ್ಕೆ ಅವರಿಗೆ ಸುದ್ದಿ ಬೇಡವೇ? ನರಹಾನಿಯನ್ನು ಮೊದಲೇ ತಡೆಯುವ ಔಷಧವು ಯಾವುದೂ ಇದುವರೆಗೆ ಸ್ಥಿರಪಟ್ಟಿಲ್ಲ. ನೋವಿಗೆ ಮಾತ್ರ ಡುಲಾಕ್ಸೆಟಿನ್ ಎಂಬುದನ್ನು ಕೊಡಬಹುದೆಂದು ಅಮೆರಿಕದ ಅರ್ಬುದವೈದ್ಯರ ಸಂಘವು 2020ರಲ್ಲಿಯೂ ಹೇಳಿತು. ಬೇಗನೆ ತಿಳಿಯುವುದೇ ದೊಡ್ಡ ಉಪಾಯ. ಸಂವೇದಕವು ಸಂಕೋಚಪಡುವುದಿಲ್ಲ, ಹೆದರುವುದೂ ಇಲ್ಲ.

ಹಾಗೆಂದು ಯಂತ್ರವನ್ನು ಅತಿಯಾಗಿ ಹೊಗಳುವುದೂ ಸರಿಯಲ್ಲ. ನಡಿಗೆಯು ಕೆಟ್ಟುದು ನರದಿಂದಲೋ ಮೊಣಕಾಲಿನ ನೋವಿನಿಂದಲೋ ಬರೀ ನಿಶ್ಶಕ್ತಿಯಿಂದಲೋ ಎಂಬುದನ್ನು ಅದೊಂದೇ ನಿರ್ಣಯಿಸಲಾರದು. ಇದು ಬಹುಮಟ್ಟಿಗೆ ಸಂಶೋಧಕರ ಕೈಯಲ್ಲಿರುವ ವಿದ್ಯೆ. ಸಕ್ಕರೆ ರೋಗದಿಂದ ಪಾದದ ಅರಿವು ಕಳೆದುಕೊಂಡವರಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಒತ್ತಡವನ್ನು ತಾನೇ ಹಂಚಿಕೊಳ್ಳುವ ಪಾದರಕ್ಷೆಯೊಂದನ್ನು ರೂಪಿಸಿ 2022ರಲ್ಲಿ ಅದರ ವಿವರಗಳನ್ನು ಪ್ರಕಟಿಸಿರುವರು. ಇದು ಅಳೆಯುವ ಯಂತ್ರವಲ್ಲದಿದ್ದರೂ ಪಾದದ ಅರಿವನ್ನು ಕಳೆದುಕೊಂಡವರ ಚಿಂತೆಯು ನಮ್ಮ ನಾಡಿನಲ್ಲಿಯೂ ನಡೆದಿದೆಯೆಂಬುದಕ್ಕಾಗಿ ಹೇಳಿದೆವು.

ಮನೆಯಲ್ಲಿ ಚಿಕಿತ್ಸೆ ಪಡೆದವರಿದ್ದರೆ ಕೆಲವನ್ನು ನೋಡಿಕೊಳ್ಳಿರಿ. ಚಪ್ಪಲಿಯು ತಿಳಿಯದೆ ಕಳಚುವುದೇ? ರವಿಕೆಯ ಗುಂಡಿ ಹಾಕಲು ತಡವಾಗುವುದೇ? ಮುಖ ತೊಳೆಯುವಾಗ ಗೋಡೆ ಹಿಡಿಯುವರೇ? ಕಂಡುದನ್ನು ದಿನಾಂಕದೊಡನೆ ಬರೆದು ಮುಂದಿನ ಸಲ ವೈದ್ಯರಿಗೆ ತೋರಿಸಿರಿ. ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು. ಬಚ್ಚಲಿನ ಬಿಸಿನೀರನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಲಿ. ರಾತ್ರಿ ಒಂದು ದೀಪ ಉರಿಯುತ್ತಿರಲಿ. ಸಮತೋಲದ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿಯಬಹುದು.

ಆ ತಾಯಿಯವರ ಕೈ ಕೂಡಿಕೊಂಡಿದೆ; ಪಾದದ ಜೋಮು ಅರ್ಧದಷ್ಟು ಉಳಿದಿದೆ. ಈಗ ಅವರು ಹಿಂಬದಿಗೆ ಪಟ್ಟಿಯುಳ್ಳ ಚಪ್ಪಲಿಯನ್ನು ಮೆಟ್ಟುವರು. ವರ್ಷದ ಹತ್ತಿರ ಅಟ್ಟದಲ್ಲಿದ್ದು ಒಣಗಿದ ಕಾಯಿಗಳನ್ನು ಇಳಿಸುವ ಕೆಲಸ ಈ ಸಲ ಮಗಳದು ಮತ್ತು ಅವಳ ತಂದೆಯದು. ತಾಯಿಯವರು ಕೆಳಗೆ ಮಣೆಯ ಮೇಲೆ ಕುಳಿತು, ಒಂದೊಂದು ಕಾಯಿಯನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕಳಚಿ ಗುಡುಗುಡು ಎನ್ನುವುದನ್ನು ಬೇರೆ ಇಡುತ್ತಾರೆ.