ಚಳಿಗಾಲದ ಕಿರುಪ್ರವಾಸಗಳು

ಡಿಸೆಂಬರ್ ತಿಂಗಳ ಕೊನೆಯ ವಾರ ಸಮೀಪಿಸಿತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಪ್ರಯಾಣದ ಮಾತು ಏಳುತ್ತದೆ. ರೈಲಿನ ಟಿಕೇಟು ದೊರೆತವರು ಊರಿಗೆ, ದೊರೆಯದವರು ಗೋವೆಗೋ ಮಹಾಬಲೇಶ್ವರಕ್ಕೋ ಹೊರಡುತ್ತಾರೆ. 2023ರಲ್ಲಿ ನಮಗೆ ಈ ಯಾವ ಭಾಗ್ಯವೂ ಇರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ನನ್ನ ಹೃದಯದ ರಕ್ತನಾಳವೊಂದಕ್ಕೆ ಆಂಜಿಯೋಪ್ಲಾಸ್ಟಿ ನಡೆದು ಸ್ಟೆಂಟ್ ಕೂಡಿಸಲಾಗಿತ್ತು. ದೂರ ಪ್ರಯಾಣ ಕೆಲಕಾಲ ಬೇಡ, ಆದರೆ ಮನೆಯಲ್ಲಿ ಕುಳಿತೂ ಇರಬೇಡಿ, ದಿನವೂ ನಡೆಯಿರಿ ಎಂದು ವೈದ್ಯರು ವಿಧಿಸಿದ್ದರು. "ಹಾಗಾದರೆ ಬೆಳಿಗ್ಗೆ ಮುಲುಂಡಿನಿಂದ ಹೊರಟು ಸಂಜೆಗೆ ಮುಲುಂಡಿಗೇ ಮರಳುವಷ್ಟು ದೂರ ಹೋಗಿಬರೋಣ" ಎಂದು ನನ್ನ ಮಡದಿ ಸೂಚಿಸಿದಳು. ಮೂವತ್ತೆಂಟು ವರ್ಷ ಈ ನಗರದಲ್ಲಿ ಬಾಳಿಯೂ ನಾವು ಕಂಡಿದ್ದು ಲೋಕಲ್ ಗಾಡಿಯ ಕಿಟಕಿಯಿಂದ ಕಾಣುವಷ್ಟನ್ನೇ.

ಹೊರಡುವ ವೇಳೆಯ ವಿಷಯದಲ್ಲಿ ವೈದ್ಯರ ಮಾತು ನನಗೆ ಹೊಸದಾಗಿತ್ತು. ನಸುಕಿನಲ್ಲೆದ್ದು ಅಡ್ಡಾಡುವುದೇ ಶ್ರೇಷ್ಠವೆಂದು ನಾವು ನಂಬಿದವರು. ಆದರೆ ಚಳಿಗಾಲದಲ್ಲಿ ಗಾಳಿಯ ಬೀಸು ತಗ್ಗಿ, ನೆಲದ ಸಮೀಪದ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತುಬಿಡುತ್ತದೆ. ನಗರದ ಹೊಗೆ, ಧೂಳುಗಳೆಲ್ಲ ಅದರಡಿಯಲ್ಲಿ ಸಿಕ್ಕಿಬೀಳುತ್ತವೆ. ಬಿಸಿಲೇರಿದ ಬಳಿಕವೇ ಅವು ಚೆದರುವುದು. ಆದಕಾರಣ ಹೃದ್ರೋಗಿಗಳೂ ಉಬ್ಬಸವುಳ್ಳವರೂ ಒಂಬತ್ತು ಗಂಟೆಯ ಮೇಲೆ ಹೊರಡುವುದೇ ಲೇಸು. ನಡಿಗೆಯ ಅಳತೆಗೂ ಒಂದು ಸುಲಭ ಉಪಾಯವಿದೆ: ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು. ನಾನು ಮೊದಲೇ ಹಾಡುವವನಲ್ಲವಾದ್ದರಿಂದ ಪರೀಕ್ಷೆಯ ಅರ್ಧಭಾಗ ನನಗೆ ಉಪಯೋಗಕ್ಕೆ ಬರಲಿಲ್ಲ.

ಮೊದಲ ಪ್ರವಾಸ ಸೇತುವೆ ದಾಟಿದರೆ ಸಿಗುವ ಐರೋಲಿಗೆ. ಠಾಣೆಯ ಖಾರಿಯನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ಅದಕ್ಕೆ ರಾಮ್ಸರ್ ಮನ್ನಣೆಯೂ ದೊರೆಯಿತು. ಇಲ್ಲಿ ದೋಣಿ ಹೊರಡುವುದು ಗಡಿಯಾರದ ಮಾತು ಕೇಳಿ ಅಲ್ಲ, ಉಬ್ಬರವಿಳಿತದ ಮಾತು ಕೇಳಿ. ಕಾಂಡ್ಲ ಮರಗಳ ನಡುವೆ ಸಾಗಿದಂತೆ ಕೆಸರಿನ ದಿಬ್ಬದ ಮೇಲೆ ಒಂದು ಚಿಕ್ಕ ಹಿಂಡು ಕಂಡಿತು. ದೊಡ್ಡ ಹಿಂಡುಗಳು ಬರುವುದು ಇನ್ನೂ ತಡವಾಗಿ ಎಂದು ದೋಣಿಯವನು ಸಮಾಧಾನ ಹೇಳಿದ. ಆ ನಸುಗೆಂಪು ಹುಟ್ಟಿನಿಂದ ಬಂದದ್ದಲ್ಲ, ತಿನ್ನುವ ಪಾಚಿ ಮತ್ತು ಸಣ್ಣ ಜಲಜಂತುಗಳಿಂದ ಬಂದದ್ದು. "ತಿಂದ ಅನ್ನ ಮೈಮೇಲೆ ಕಾಣಿಸುತ್ತದೆ ಅಂದರೆ ಇದೇ" ಎಂದು ಮಡದಿ ನಕ್ಕಳು. ನನ್ನ ಔಷಧಿ, ನೀರು, ಫ್ಲಾಸ್ಕು, ನಾಲಿಗೆಯಡಿ ಇಡುವ ಗುಳಿಗೆ ಎಲ್ಲವೂ ಇದ್ದ ಚೀಲ ಅವಳ ಹೆಗಲ ಮೇಲಿತ್ತು.

ಎರಡನೆಯ ಪ್ರವಾಸ ಹಾಸ್ಯಾಸ್ಪದವಾಯಿತು. ಕ್ರಿಸ್ಮಸ್ ದಿನ ಘಾರಾಪುರಿಗೆಂದು ಗೇಟ್‌ವೇಯವರೆಗೆ ಹೋದೆವು. ಅಂದು ಸೋಮವಾರ, ಸೋಮವಾರ ಗುಹೆಗಳು ಮುಚ್ಚಿರುತ್ತವೆ. ಕೋಟೆ ಪ್ರದೇಶದ ಉಡುಪಿ ಹೋಟೆಲೊಂದರಲ್ಲಿ ಇಡ್ಲಿ ತಿಂದು ಮರಳಿದೆವು. ನಿಲ್ದಾಣದ ಮೆಟ್ಟಿಲಿನಲ್ಲಿ ಆಕೆ ಒಮ್ಮೆ ಕಂಬಿ ಹಿಡಿದು ನಿಂತದ್ದುಂಟು. ನನಗಾಗಿ ನಿಂತಳೆಂದೇ ನಾನು ಭಾವಿಸಿದೆ.

ಗುರುವಾರ ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಗೆ ಹೋದೆವು. ಕೃಷ್ಣಗಿರಿ ಎಂಬುದು ಅದರ ಪುರಾತನ ನಾಮ. ಕಪ್ಪು ಬಸಾಲ್ಟ್ ಶಿಲೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಭಿಕ್ಷುಗಳು ಮಲಗುತ್ತಿದ್ದ ಕಲ್ಲುಮಂಚಗಳು. ಮಳೆಯ ಹನಿಯೊಂದನ್ನೂ ವ್ಯರ್ಥ ಮಾಡದೆ ಕಾಲುವೆಗಳಿಂದ ತೊಟ್ಟಿಗಳಿಗೆ ಇಳಿಸಿಕೊಂಡ ಜಾಣ್ಮೆ. ಕನ್ನಡಿಗರು ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಒಂಬತ್ತನೆಯ ಶತಮಾನದ ಇಲ್ಲಿನ ಶಾಸನಗಳಲ್ಲಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ತಮ್ಮ ಅಧಿರಾಜನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕವಿರಾಜಮಾರ್ಗದೊಡನೆ ನಾವು ನೆನೆಯುವ ನೃಪತುಂಗನೇ ಆತ. ನಾನು ಉತ್ಸಾಹದಿಂದ ಇದನ್ನೆಲ್ಲ ವಿವರಿಸುತ್ತ ಬಂಡೆಯ ಮೆಟ್ಟಿಲುಗಳನ್ನು ಏರುತ್ತಿದ್ದೆ. ಹಿಂದಿನಿಂದ ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಆಕೆ ಇಪ್ಪತ್ತು ಮೆಟ್ಟಿಲು ಕೆಳಗೆ ಕುಳಿತಿದ್ದಳು.

"ಏನಿಲ್ಲ, ನೀವು ನಿಧಾನವಾಗಿ ಹತ್ತಿ. ನಾನು ಇಲ್ಲೇ ಕೂತಿರುತ್ತೇನೆ" ಎಂದಳು. ಇಷ್ಟು ಮಾತಿಗೆ ಮೂರು ಸಲ ಉಸಿರೆಳೆದುಕೊಂಡಳು. ತುಟಿ ಬಿಳಿಚಿತ್ತು. ಮಣಿಕಟ್ಟು ಹಿಡಿದು ನೋಡಿದೆ, ನಾಡಿ ಓಡುತ್ತಿತ್ತು. ಮಾತನಾಡುತ್ತ ನಡೆಯಬೇಕೆಂಬ ಪರೀಕ್ಷೆಯನ್ನು ಮೂರು ತಿಂಗಳಿಂದ ನನಗೊಬ್ಬನಿಗೇ ಮಾಡುತ್ತಿದ್ದೆವು.

ಮರುದಿನದ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8 ಎಂದು ತಿಳಿಯಿತು. ಸ್ತ್ರೀಯರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅರುವತ್ತರ ಸಮೀಪದ ಸ್ತ್ರೀಯಲ್ಲಿ ಇಷ್ಟು ಕುಸಿದಿದ್ದರೆ ಕಬ್ಬಿಣದ ಗುಳಿಗೆ ಬರೆದುಕೊಟ್ಟು ಸುಮ್ಮನಾಗುವಂತಿಲ್ಲ, ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು ಎಂದು ವೈದ್ಯರು ಹೇಳಿದರು. ಮಲ ಕಪ್ಪಗಾಗುತ್ತದೆಯೇ, ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದಾಗ ಹೊರಬಿದ್ದ ಸಂಗತಿ ಇದು: ಮಂಡಿನೋವಿಗೆಂದು ಎರಡು ವರ್ಷದಿಂದ ಆಕೆ ಅಂಗಡಿಯಿಂದ ತಾನೇ ತಂದು, ಬೆಳಗಿನ ಬರಿ ಹೊಟ್ಟೆಯಲ್ಲಿ ಕಾಫಿಯೊಡನೆ ನೋವಿನ ಗುಳಿಗೆ ನುಂಗುತ್ತಿದ್ದಳು. ಈ ಬಗೆಯ ಹಲವು ಗುಳಿಗೆಗಳು ನೋವಿನ ಜೊತೆಗೆ ಜಠರದ ಒಳಪೊರೆಯನ್ನು ಕಾಯುವ ದ್ರವ್ಯಗಳನ್ನೂ ಅಡಗಿಸುತ್ತವೆ. ಆಗ ಜಠರದ ಆಮ್ಲವೇ ಒಳಗೋಡೆಯನ್ನು ಕೊರೆಯುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ದಿನವೂ ತುಸುತುಸುವೇ ಜಿನುಗಿದ ರಕ್ತ ಶರೀರದ ಕಬ್ಬಿಣವನ್ನೆಲ್ಲ ಬರಿದು ಮಾಡಿತ್ತು.

ಸ್ಟೆಂಟ್ ಕೂಡಿಸಿದಂದೇ ವೈದ್ಯರು ನನಗೆ ಎಚ್ಚರ ಹೇಳಿದ್ದರು: ರಕ್ತ ತೆಳುಗೊಳಿಸುವ ಔಷಧಿ ತೆಗೆದುಕೊಳ್ಳುವವರು ತಾವಾಗಿಯೇ ನೋವಿನ ಗುಳಿಗೆ ನುಂಗಬಾರದು, ಹೊಟ್ಟೆಯಲ್ಲಿ ರಕ್ತಸ್ರಾವವಾದೀತು. ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದವಳು ಅವಳೇ. ನನ್ನ ಔಷಧಿಯ ಜೊತೆಗೆ ಅದೇ ಅಂಗಡಿಯಿಂದ ತನ್ನ ಗುಳಿಗೆಯನ್ನೂ ತರುತ್ತಿದ್ದಳು. ಆ ಎಚ್ಚರಿಕೆ ತನಗೂ ಸಲ್ಲುತ್ತದೆಂದು ಅವಳಿಗೂ ತೋರಲಿಲ್ಲ, ನನಗೂ ತೋರಲಿಲ್ಲ. ನನ್ನ ಕಾಯಿಲೆಯ ಕಡತ ಎರಡು ಬೆರಳು ದಪ್ಪವಿತ್ತು. ಅವಳ ಹೆಸರಿನ ಕಡತವೇ ಮನೆಯಲ್ಲಿ ಇರಲಿಲ್ಲ. ದಣಿವೆಂದು ಹೇಳಿದಾಗಲೆಲ್ಲ ವಯಸ್ಸೆಂದು ನಾನೂ, ನಿಮ್ಮ ಚಿಂತೆಯೆಂದು ಅವಳೂ ಮುಗಿಸಿಬಿಡುತ್ತಿದ್ದೆವು.

ನೋವಿನ ಗುಳಿಗೆ ನಿಂತಿತು. ಹುಣ್ಣಿಗೆ ಚಿಕಿತ್ಸೆ ನಡೆಯಿತು. ಕಾಫಿ, ಚಹಾಗಳು ಕಬ್ಬಿಣ ಮೈಗೂಡದಂತೆ ತಡೆಯುವುದರಿಂದ ಕಬ್ಬಿಣದ ಗುಳಿಗೆಯನ್ನು ಅವುಗಳಿಂದ ದೂರವಿಟ್ಟು, ನಿಂಬೆಯ ಪಾನಕದೊಡನೆ ಕೊಡತೊಡಗಿದೆ. ಕೊಡುವ ಕೆಲಸ ಈಗ ನನ್ನದು. ಅಂಕಿ ಸರಿಹೋದ ಮೇಲೂ ಕೆಲವು ತಿಂಗಳು ಅದನ್ನು ಮುಂದುವರಿಸಬೇಕಾಯಿತು, ಏಕೆಂದರೆ ಶರೀರದ ಉಗ್ರಾಣ ತುಂಬುವುದು ಕಡೆಗೆ. ಮಂಡಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಗಳನ್ನು ಕಲಿಸಿದರು. ಇಳಿಯುವಾಗಲೇ ಮಂಡಿಗೆ ಹೆಚ್ಚು ಭಾರವೆಂಬುದನ್ನೂ ಅಲ್ಲೇ ತಿಳಿದೆವು.

2024ರ ಡಿಸೆಂಬರಿನಲ್ಲಿ ಮತ್ತೆ ಕಾನ್ಹೇರಿಗೆ ಹೋದೆವು. ಚೀಲ ನನ್ನ ಹೆಗಲಲ್ಲಿತ್ತು. ಎರಡು ಕಡೆ ಕುಳಿತು, ಕಡಲೆಕಾಯಿ ಬಿಡಿಸಿ ತಿನ್ನುತ್ತ ಮೇಲಿನ ಸಾಲಿನ ಗುಹೆಗಳನ್ನು ತಲಪಿದೆವು. ಕೆಳಗೆ ಕಾಡು, ಅದರಾಚೆ ಮಂಜು ಮುಸುಕಿದ ಕಟ್ಟಡಗಳು. ಅಮೋಘವರ್ಷನ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಹಿಂದಿನ ಸಲ ತನಗೆ ಒಂದಕ್ಷರವೂ ಕೇಳಿಸಿರಲಿಲ್ಲವೆಂದು ಆಕೆ ಒಪ್ಪಿಕೊಂಡಳು. ಘಾರಾಪುರಿ ಇನ್ನೂ ಬಾಕಿ ಇದೆ. ಹೊರಡುವ ದಿನ ಸೋಮವಾರವಲ್ಲವೆಂಬುದನ್ನು ಈ ಬಾರಿ ಮೊದಲೇ ನೋಡಿಕೊಂಡಿದ್ದೇವೆ.