ಗದಗಿನ ಎಡಗೈ

1981-82ರ ರಣಜಿ ಸೆಮಿಫೈನಲ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕರ್ನಾಟಕದ ಎದುರು ಬಾಂಬೆ ತಂಡ. ಪುತ್ತೂರಿನ ರಘುರಾಮ ಭಟ್ ಅವರ ಎಡಗೈ ಸ್ಪಿನ್ನಿಗೆ ಬಾಂಬೆ ಮೊದಲ ಇನಿಂಗ್ಸ್‌ನಲ್ಲೇ ತತ್ತರಿಸಿತ್ತು. ಹ್ಯಾಟ್ರಿಕ್ ಸೇರಿ 8 ವಿಕೆಟ್ ಭಟ್ಟರ ಪಾಲಾಗಿದ್ದವು. ಎರಡನೇ ಇನಿಂಗ್ಸ್‌ನಲ್ಲೂ ಅದೇ ಪಾಡು. ಆಗ ಕೆಳ ಕ್ರಮಾಂಕದಲ್ಲಿ ಬ್ಯಾಟು ಹಿಡಿದು ಬಂದ ಸುನಿಲ್ ಗಾವಸ್ಕರ್, ಹುಟ್ಟಾ ಬಲಗೈ ಆಟಗಾರ, ಭಟ್ಟರ ಎದುರು ಎಡಗೈ ಬ್ಯಾಟ್ಸ್‌ಮನ್ನಿನಂತೆ ನಿಂತರು! ಔಟಾಗದೆ 18 ರನ್ ಗಳಿಸಿ ಸೋಲು ತಪ್ಪಿಸಿದರು. ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಕರ್ನಾಟಕ ಫೈನಲ್ ಸೇರಿತು.

ಗಾವಸ್ಕರರಂಥವರೇ ಮಗ್ಗುಲು ಬದಲಿಸಬೇಕಾದರೆ ಎಡಗೈಯಲ್ಲಿ ಅಂಥದ್ದೇನಿದೆ?

ಎಡಗೈ ಸ್ಪಿನ್ನರ್ ತೋರುಬೆರಳಿನಿಂದ ಚೆಂಡಿನ ಹೊಲಿಗೆಯನ್ನು ತಿರುವಿ ಬಿಡುತ್ತಾನೆ. ಬಲಗೈ ಬ್ಯಾಟ್ಸ್‌ಮನ್ನಿನ ಕಡೆಗೆ ಬರುವಂತೆ ಕಾಣುವ ಚೆಂಡು ನೆಲ ಮುಟ್ಟಿದ ಮೇಲೆ ಹೊರಕ್ಕೆ, ಸ್ಲಿಪ್‌ನತ್ತ ಹೊರಳುತ್ತದೆ. ಬ್ಯಾಟಿನ ಅಂಚು ಅದಕ್ಕೆ ಸಿಕ್ಕಿಬೀಳುತ್ತದೆ. ನಡುವೆ ಒಂದು ಚೆಂಡು ತಿರುಗದೆ, ತೋಳು ಬಂದ ಗುಂಟ ನೆಟ್ಟಗೆ ನುಗ್ಗಿದರೆ ಸಾಕು, ಹೊರಕ್ಕೆ ತಿರುಗೀತೆಂದು ಕಾದವನ ಪ್ಯಾಡಿಗೆ ಬಡಿಯುತ್ತದೆ. ಎಡಗೈ ಬ್ಯಾಟ್ಸ್‌ಮನ್ನಿಗೆ ಅದೇ ಬೌಲಿಂಗ್ ಒಳಮುಖವಾಗುತ್ತದೆ. ಗಾವಸ್ಕರ್ ಹಿಡಿದ ದಾರಿ ಇದು.

ಅಮೆರಿಕದ ಬೇಸ್‌ಬಾಲ್ ಇಂಥದ್ದೇ ಎಡ-ಬಲದ ಲೆಕ್ಕದ ಮೇಲೆ ಒಂದು ಉದ್ಯೋಗವನ್ನೇ ಕಟ್ಟಿದೆ; ಅಲ್ಲಿ ಮಾತ್ರ ಎಡಗೈ ಎಸೆತ ಹೆಚ್ಚು ಕಾಡುವುದು ಎಡಗೈ ಬ್ಯಾಟರನನ್ನೇ. ಆಟ ಶುರುಮಾಡಿದ ಪಿಚರ್ ದಣಿದಾಗ ಅವನ ಬದಲು ಇಳಿಯುವವನೇ ರಿಲೀವರ್. ಎದುರು ಎಡಗೈ ಬ್ಯಾಟರ್ ಬಂದನೆಂದರೆ ಎಡಗೈ ರಿಲೀವರನನ್ನು ಕರೆಯುವುದು, ಆ ಒಬ್ಬನನ್ನು ಔಟ್ ಮಾಡಿಸಿ ವಾಪಸು ಕಳಿಸುವುದು ದಶಕಗಳ ವಾಡಿಕೆಯಾಗಿತ್ತು. 2020ರಲ್ಲಿ ಮೇಜರ್ ಲೀಗ್ ನಿಯಮ ಬದಲಿಸಿತು: ಇಳಿದ ರಿಲೀವರ್ ಕನಿಷ್ಠ ಮೂವರು ಬ್ಯಾಟರುಗಳಿಗೆ ಎಸೆಯಬೇಕು, ಇಲ್ಲವೇ ಆ ಸರದಿ ಮುಗಿಯುವವರೆಗೆ ಇರಬೇಕು. ಅಷ್ಟರಮಟ್ಟಿಗೆ ಎಡಗೈಯವರ ಕೆಲಸ ಕಠಿಣವಾಯಿತು.

ಆ ಲೋಕದ ಬಾಗಿಲು ತಟ್ಟಿದ ಒಬ್ಬ ಭಾರತೀಯ ಎಡಚನಿದ್ದಾನೆ. ಉತ್ತರ ಪ್ರದೇಶದ ಭದೋಹಿ ಕಡೆಯ ರಿಂಕು ಸಿಂಗ್, ಜಾವೆಲಿನ್ ಎಸೆಯುತ್ತಿದ್ದ ಹುಡುಗ. 2008ರಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಎಂಬ ಟಿವಿ ಸ್ಪರ್ಧೆಯಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಚೆಂಡೆಸೆದು ಗೆದ್ದ. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಅವನೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಮುಂಚೆ ಅವನು ಬೇಸ್‌ಬಾಲ್ ಆಡಿದವನೇ ಅಲ್ಲ. ಕೆಳಹಂತದ ಮೈನರ್ ಲೀಗುಗಳಲ್ಲಿ ಕೆಲವು ವರ್ಷ ಚೆನ್ನಾಗಿಯೇ ಆಡಿದ, ಆಮೇಲೆ ಗಾಯಗಳು ತಡೆದವು. ಮೇಜರ್ ಲೀಗ್ ದಕ್ಕಲಿಲ್ಲ. ಮುಂದೆ ಕುಸ್ತಿಯ ಅಖಾಡಕ್ಕಿಳಿದು 'ವೀರ್ ಮಹಾನ್' ಎನ್ನಿಸಿಕೊಂಡ.

ಎಡಗೈ ಎಂಬ ವರ ಬಾಗಿಲು ತೆರೆಸುತ್ತದೆ, ಸರಿ. ಒಳಗೆ ಉಳಿಯಲು ಏನು ಬೇಕು ಎಂಬುದನ್ನು ನೋಡಲು ನಮಗೆ ಅಮೆರಿಕ ಬೇಕಿಲ್ಲ. ಅದಕ್ಕೆ ಗದಗ ಸಾಕು. ಆ ಗದಗಿನಲ್ಲಿ 1970ರಲ್ಲಿ ಹುಟ್ಟಿದವರು ಎಡಗೈ ಸ್ಪಿನ್ನರ್ ಸುನಿಲ್ ಜೋಶಿ.

ನೆಟ್ ಅಭ್ಯಾಸಕ್ಕೆ ಹುಡುಗ ಜೋಶಿ ಹೋಗುತ್ತಿದ್ದದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ. ನಸುಕಿನಲ್ಲೇ ಹೊರಟು ಹುಬ್ಬಳ್ಳಿ ತಲುಪಿ, ಬೌಲಿಂಗ್ ಮಾಡಿ, ಸಾಲಿಯ ಹೊತ್ತಿಗೆ ಗದಗಿಗೆ ಮರಳುವುದು. ಬೆಂಗಳೂರಿನ ಹುಡುಗರಿಗೆ ಕ್ಲಬ್ಬು, ಕೋಚು, ಹಾಸಿದ ಪಿಚ್ಚು ಮನೆಯ ಹತ್ತಿರವೇ ಇದ್ದ ಕಾಲ. ಅದನ್ನು ನೆನೆದಾಗ, ಆ 60 ಕಿಲೋಮೀಟರೇ ಅವರ ಮೊದಲ ಆಯ್ಕೆ ಪರೀಕ್ಷೆ ಎನಿಸುತ್ತದೆ. ಎಡಗೈ ಇದ್ದೂ ಆ ದಾರಿ ಸವೆಸಲಾಗದೆ ಊರಲ್ಲೇ ಉಳಿದ ಹುಡುಗರು ಈ ಸೀಮೆಯಲ್ಲಿ ಕಡಿಮೆಯಿರಲಾರರು.

1992-93ರಲ್ಲಿ ಕರ್ನಾಟಕ ತಂಡ ಸೇರಿದರು. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್, ಟ್ರೋಫಿ ಕರ್ನಾಟಕದ್ದಾಯಿತು. ಆಯ್ಕೆಗಾರರು ಇನ್ನು ಸುಮ್ಮನಿರುವಂತಿರಲಿಲ್ಲ. 1996ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್. ಆ ಹನ್ನೊಂದರಲ್ಲಿ ಕುಂಬ್ಳೆ, ಶ್ರೀನಾಥ್, ವೆಂಕಟೇಶ ಪ್ರಸಾದ್, ಜೋಶಿ, ನಾಲ್ವರು ಕನ್ನಡಿಗರು. ಆದರೆ ಗಾಯದಿಂದಾಗಿ ಜೋಶಿ ಒಂದು ಓವರನ್ನೂ ಎಸೆಯಲಾಗಲಿಲ್ಲ.

ಅಲ್ಲಿಂದ ಮುಂದೆ ಅವರದು ಕರೆ ಬಂದಾಗ ಹಾಜರಾಗುವ ಬಾಳು. ತಂಡದ ಮೊದಲ ಸ್ಪಿನ್ನರ್ ಕುಂಬ್ಳೆ. ಎರಡನೆಯ ಜಾಗ ಇರುವುದೋ ಇಲ್ಲವೋ ಎಂಬುದನ್ನು ಪಿಚ್ಚು ನೋಡಿ ಹೇಳಬೇಕು. ಬೇಸ್‌ಬಾಲಿನ ರಿಲೀವರ್‌ಗೆ ಇದು ಚೆನ್ನಾಗಿ ಗೊತ್ತಿರುವ ಸ್ಥಿತಿ: ಹೊರಗೆ ಕೂತಿದ್ದರೂ ತೋಳು ಬೆಚ್ಚಗಿರಬೇಕು.

ಜೋಶಿಯ ತೋಳು ಬೆಚ್ಚಗಿತ್ತು ಎನ್ನಲು 1999ರ ಸೆಪ್ಟೆಂಬರ್ 26 ಸಾಕ್ಷಿ. ನೈರೋಬಿಯ ಜಿಮ್‌ಖಾನಾ ಮೈದಾನ, ಎದುರಿಗೆ ದಕ್ಷಿಣ ಆಫ್ರಿಕಾ. 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ಓದಬೇಕು. ಅರವತ್ತು ಎಸೆತಗಳಲ್ಲಿ ಆರೇ ರನ್, ಅದೂ ಹರ್ಷೆಲ್ ಗಿಬ್ಸ್, ಹ್ಯಾನ್ಸಿ ಕ್ರೋನಿಯೆ, ಜಾಂಟಿ ರೋಡ್ಸ್ ಇದ್ದ ತಂಡಕ್ಕೆ. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. ಭಾರತಕ್ಕೆ 8 ವಿಕೆಟ್ ಗೆಲುವು. ಏಕದಿನ ಪಂದ್ಯದಲ್ಲಿ ಭಾರತದ ಸ್ಪಿನ್ನರೊಬ್ಬರು ಇಷ್ಟು ಬಿಗಿಯಾಗಿ ಕಟ್ಟಿಹಾಕಿದ ಉದಾಹರಣೆಗಳು ವಿರಳ.

ಮರುವರ್ಷ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್. ಸೌರವ್ ಗಂಗೂಲಿ ಟೆಸ್ಟ್ ನಾಯಕರಾಗಿ ಇಳಿದ ಮೊದಲ ಪಂದ್ಯವೂ ಅದೇ. ಜೋಶಿ ಮೊದಲ ಇನಿಂಗ್ಸ್‌ನಲ್ಲಿ 5 ವಿಕೆಟ್ ಪಡೆದು, ಬ್ಯಾಟಿಂಗ್‌ನಲ್ಲಿ 92 ಹೊಡೆದು, ಎರಡನೇ ಇನಿಂಗ್ಸ್‌ನಲ್ಲಿ ಮತ್ತೆ 3 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಇಷ್ಟಾದರೂ 2001ಕ್ಕೆ ಅವರ ಅಂತರರಾಷ್ಟ್ರೀಯ ಆಟ ಮುಗಿಯಿತು. 15 ಟೆಸ್ಟ್‌ಗಳಲ್ಲಿ 41 ವಿಕೆಟ್, 69 ಏಕದಿನ ಪಂದ್ಯಗಳಲ್ಲಿ 69 ವಿಕೆಟ್. ಇನ್ನಷ್ಟು ಅವಕಾಶಕ್ಕೆ ಅರ್ಹರಾಗಿದ್ದ ಬೌಲರ್ ಎಂದು ಧಾರಾಳವಾಗಿ ಹೇಳಬಹುದು. ಕರ್ನಾಟಕಕ್ಕೆ ಮಾತ್ರ ಅವರು ಬಹಳ ಕಾಲ ಆಡಿದರು. ಪ್ರಥಮ ದರ್ಜೆಯಲ್ಲಿ 600ರ ಗಡಿ ದಾಟಿದ ವಿಕೆಟ್‌ಗಳು ಆ ದುಡಿಮೆಯ ಫಲ. 2012ರಲ್ಲಿ ನಿವೃತ್ತಿ ಘೋಷಿಸಿದರು.

ಹೈದರಾಬಾದ್, ಜಮ್ಮು-ಕಾಶ್ಮೀರ, ಅಸ್ಸಾಂ ತಂಡಗಳಿಗೆ ಕೋಚ್ ಆದ ಮೇಲೆ, 2017ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶ ಅವರನ್ನು ಸ್ಪಿನ್ ಬೌಲಿಂಗ್ ತರಬೇತಿಗೆ ಕರೆಸಿಕೊಂಡಿತು, ಅದೂ ಆಸ್ಟ್ರೇಲಿಯಾ ಸರಣಿಯ ಹೊಸ್ತಿಲಲ್ಲಿ. ಆ ತಿಂಗಳ ಕೊನೆಗೆ ಮೀರ್ಪುರದಲ್ಲಿ ಬಾಂಗ್ಲಾದೇಶ 20 ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾ ವಿರುದ್ಧ ಅದರ ಮೊತ್ತಮೊದಲ ಟೆಸ್ಟ್ ಗೆಲುವು. ಎರಡೂ ಇನಿಂಗ್ಸ್‌ಗಳಲ್ಲಿ ಐದೈದು ವಿಕೆಟ್ ಪಡೆದವರು ಶಕೀಬ್ ಅಲ್ ಹಸನ್, ಅವರೂ ಎಡಗೈ ಸ್ಪಿನ್ನರ್. 2020ರ ಮಾರ್ಚ್‌ನಲ್ಲಿ ಬಿಸಿಸಿಐ ಜೋಶಿಯವರನ್ನು ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಿತು.