ಆಕರಗಳ ಉಲ್ಲೇಖ: ಶ್ರವಣಬೆಳ್ಗೊಳದ ಶಾಸನಗಳ ನಿದರ್ಶನ

ಕಾಲೇಜಿನ ಪ್ರೌಢಪ್ರಬಂಧಗಳಲ್ಲಿ ಬರುವ ಅಡಿಟಿಪ್ಪಣಿಯನ್ನು ಪಾಂಡಿತ್ಯದ ಅಲಂಕಾರವೆಂದೋ ಪರೀಕ್ಷಕರಿಗೆ ಸಲ್ಲಬೇಕಾದ ಕಾಣಿಕೆಯೆಂದೋ ಅನೇಕರು ಭಾವಿಸುವುದುಂಟು. ವಸ್ತುತಃ ಅದು ಓದುಗನಿಗೆ ತೋರಿದ ದಾರಿ. ಲೇಖಕನು ಕಂಡ ಪ್ರಮಾಣವನ್ನು ಓದುಗನೂ ತಾನೇ ಕಂಡು, ಹೇಳಿದ ಮಾತು ನಿಲ್ಲುವುದೇ ಇಲ್ಲವೇ ಎಂದು ನಿರ್ಣಯಿಸಲು ಅನುವು ಮಾಡಿಕೊಡುವುದೇ ಅದರ ಪ್ರಯೋಜನ. ಈ ದಾರಿ ತಪ್ಪುವ ಬಗೆಗೆ ಕನ್ನಡ ಸಂಶೋಧನೆಯಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ.

ಶ್ರವಣಬೆಳ್ಗೊಳದ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಎರಡನೆಯ ಸಂಪುಟದಲ್ಲಿ ಅಡಕವಾಗಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಆವೃತ್ತಿಯಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅವುಗಳ ಸಂಖ್ಯೆ 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಹೊಸ ಶಾಸನಗಳು ಸೇರಿದಂತೆ ಹಳೆಯವುಗಳ ಕ್ರಮಾಂಕಗಳೂ ಬದಲಾದವು. ಹೀಗಿರುವಲ್ಲಿ ‘ಎರಡನೆಯ ಸಂಪುಟ, ಶಾಸನ 120’ ಎಂದಷ್ಟೇ ಬರೆದರೆ ಓದುಗನು ಯಾವ ಕಲ್ಲಿನ ಮುಂದೆ ನಿಲ್ಲಬೇಕು? ಸಂಪುಟ, ಸ್ಥಳ, ಕ್ರಮಾಂಕಗಳೊಡನೆ ಆವೃತ್ತಿಯ ವರ್ಷವನ್ನೂ ಕೊಟ್ಟಾಗಲೇ ಉಲ್ಲೇಖ ಪೂರ್ಣವಾಗುತ್ತದೆ.

ನಾಡಿನಿಂದ ದೂರ, ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಓದುವ ವಿದ್ಯಾರ್ಥಿಗೆ ಈ ಸಂಪುಟಗಳು ಕೈಗೆ ಸಿಕ್ಕದಿರಬಹುದು. ಆಗ ಅವನು ಹಿರಿಯ ವಿದ್ವಾಂಸರೊಬ್ಬರ ಗ್ರಂಥದಿಂದ ಕ್ರಮಾಂಕವನ್ನು ಎತ್ತಿಕೊಂಡು, ಮೂಲವನ್ನೇ ನೋಡಿದವನಂತೆ ನಮೂದಿಸುತ್ತಾನೆ. ಆ ವಿದ್ವಾಂಸರು ಅನುಸರಿಸಿದ್ದು 1923ರ ಕ್ರಮಾಂಕ. ವಿದ್ಯಾರ್ಥಿ ಅದರ ಮುಂದೆ ಬರೆದ ವರ್ಷ 1973. ಮುಂದಿನವನು ಇದನ್ನೇ ನಂಬಿ ಬರೆದರೆ, ಒಂದು ದಾನದ ಕಾಲ ಇನ್ನೊಂದಕ್ಕೆ ಅಂಟಿಕೊಂಡು ಪ್ರಬಂಧದಿಂದ ಪ್ರಬಂಧಕ್ಕೆ ಸಾಗುತ್ತದೆ. ‘ಇಂಥವರ ಇಂಥ ಗ್ರಂಥದ ಇಂತಿಷ್ಟನೆಯ ಪುಟದಲ್ಲಿ ಉದ್ಧೃತ’ ಎಂದು ಕಂಡದ್ದನ್ನು ಕಂಡಂತೆ ಹೇಳಿದರೆ ಈ ಅನರ್ಥ ತಪ್ಪುತ್ತದೆ. ಹಾಗೆ ಹೇಳುವುದು ಕೀಳಲ್ಲ. ಕಾಣದುದನ್ನು ಕಂಡೆನೆನ್ನುವುದು ಕೀಳು.

ಕಾವ್ಯಗಳ ವಿಷಯದಲ್ಲಿಯೂ ಇಂಥ ಎಚ್ಚರ ಬೇಕು. ಪಂಪಭಾರತವನ್ನು ರೈಸ್ ಅವರು 1898ರಲ್ಲಿಯೂ ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿಯೂ ಅಚ್ಚು ಮಾಡಿಸಿದವು. ಪುಟಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬೇರೆಯಾಗುವುದು ಸಹಜ. ಆಶ್ವಾಸವನ್ನೂ ಪದ್ಯದ ಸಂಖ್ಯೆಯನ್ನೂ ಕೊಟ್ಟು, ಬಳಸಿದ ಮುದ್ರಣವನ್ನು ಒಮ್ಮೆ ಹೆಸರಿಸಿದರೆ, ಯಾವ ಪ್ರತಿ ಕೈಯಲ್ಲಿದ್ದರೂ ಓದುಗನು ಆ ಪದ್ಯವನ್ನು ಹುಡುಕಿಕೊಳ್ಳಬಲ್ಲನು.

ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಮಾತ್ರ ಆಕರ ಸಾಕೆಂಬ ಭ್ರಮೆಯೂ ಉಂಟು. ಪಂಪನು ಆದಿಪುರಾಣವನ್ನು ಬರೆದನೆಂಬಂಥ ಸರ್ವವಿದಿತ ಸಂಗತಿಗೆ ಟಿಪ್ಪಣಿ ಬೇಡ. ಆದರೆ ಒಬ್ಬರು ಶ್ರಮಪಟ್ಟು ಓದಿದ ಪಾಠ, ಊಹಿಸಿದ ಕಾಲ, ಸ್ಥಾಪಿಸಿದ ಅಭಿಪ್ರಾಯ ಇವು ಅವರ ಸ್ವತ್ತು. ಮಾತನ್ನು ಬದಲಿಸಿದ ಮಾತ್ರಕ್ಕೆ ಆ ಋಣ ತೀರದು. ಹೆಸರು ಹೇಳಿದಾಗಲೇ ತೀರುವುದು.